ವಾರ್ಡಿನ ರಾಜಕೀಯ ಚರ್ಚೆಗೊಂದು ಆನ್‌ಲೈನ್ ಕಟ್ಟೆ: ಕಟ್ಟಿದ ಬಗೆಯ ದಾಖಲೆ

ಮಂಗಳೂರಿನ ಕೊಟ್ಟಾರ ಚೌಕಿಯ ಕಡೆಯ ನಮ್ಮ ವಾರ್ಡಿನ ಕೆಲವು ನಿವಾಸಿಗಳು ಸೇರಿ, ನಗರಾಡಳಿತದ ತೀರ್ಮಾನಗಳನ್ನು ಕುರಿತು ಚರ್ಚಿಸುವುದಕ್ಕಾಗಿ ಒಂದು ಆನ್‌ಲೈನ್ ವೇದಿಕೆಯನ್ನು ಕಟ್ಟಿದ್ದೇವೆ. ಅದನ್ನು ನಾವು ಕಟ್ಟೆ ಎಂದೇ ಕರೆಯುತ್ತೇವೆ. ಅದರ ಯಾವ ಭಾಗವನ್ನು ಹೇಗೆ ಮಾಡಿದೆವು, ಯಾವುದನ್ನು ಬಿಚ್ಚಿ ಮತ್ತೆ ಜೋಡಿಸಿದೆವು, ಯಾವ ಆಯ್ಕೆಯ ಹಿಂದೆ ಯಾವ ಕಾರಣವಿತ್ತು ಎಂಬುದನ್ನು, ಇಂಥದೇ ಕೆಲಸಕ್ಕೆ ಕೈಹಾಕುವವರಿಗೆ ಉಪಯೋಗವಾಗಲೆಂದು ಇಲ್ಲಿ ಬರೆದಿಡುತ್ತಿದ್ದೇನೆ. ಕೆಲಸದ ಉದ್ದಕ್ಕೂ ನಮ್ಮನ್ನು ನಡೆಸಿದ ನಂಬಿಕೆ ಒಂದೇ: ತಾವು ಆಡಿದ ಮಾತು ಉತ್ತರ ಕೊಡಬೇಕಾದ ಒಬ್ಬರಿಗೆ, ಒಂದು ನಿಗದಿತ ದಿನಾಂಕದೊಳಗೆ ತಲುಪುತ್ತದೆ ಎಂಬುದು ಖಚಿತವಾದರೆ ಜನ ಭಾಗವಹಿಸುತ್ತಾರೆ; ಆ ಖಚಿತತೆ ಇಲ್ಲದಿದ್ದರೆ ಪುಟ ಎಷ್ಟೇ ಅಂದವಾಗಿದ್ದರೂ ಮೊದಲ ವಾರದ ಕುತೂಹಲ ಕಳೆದ ಮೇಲೆ ಯಾರೂ ಬರುವುದಿಲ್ಲ.

ನಮ್ಮ ಕಡೆ ರಾಜಕೀಯ ಮಾತಿಗೆ ಬರವಿಲ್ಲ. ಪ್ರತಿಯೊಂದು ಬಡಾವಣೆಗೂ, ಅಪಾರ್ಟ್‌ಮೆಂಟಿಗೂ ವಾಟ್ಸ್‌ಆ್ಯಪ್ ಗುಂಪು ಇದೆ, ಒಂದು ಗುಂಪಿಗೆ 1,024 ಮಂದಿಯವರೆಗೆ ಸೇರಬಹುದು. ಆದರೆ ಅಲ್ಲಿ ಬೆಳಗ್ಗೆ ಯಾರೋ ಹಾಕಿದ ಚರಂಡಿಯ ಫೋಟೋ ಮಧ್ಯಾಹ್ನದ ಹೊತ್ತಿಗೆ ಶುಭಾಶಯಗಳ ಕೆಳಗೆ ಸೇರಿಹೋಗುತ್ತದೆ. ಹೊಸದಾಗಿ ಸೇರಿದವರಿಗೆ ಹಿಂದಿನ ಚರ್ಚೆ ಸುಲಭವಾಗಿ ಕಾಣಸಿಗುವುದಿಲ್ಲ, ಮತ್ತು ಆರು ತಿಂಗಳ ಹಿಂದೆ ಆಗಿದ್ದ ಒಪ್ಪಂದವೇನು ಎಂಬುದನ್ನು ಹುಡುಕಿ ತೆಗೆಯುವ ದಾರಿ ಯಾರ ಬಳಿಯೂ ಇರುವುದಿಲ್ಲ. ಆದ್ದರಿಂದ ವಾಟ್ಸ್‌ಆ್ಯಪ್ ಗುಂಪುಗಳನ್ನು ಬಾಗಿಲಾಗಿ ಇಟ್ಟುಕೊಂಡು, ಚರ್ಚೆ ಉಳಿಯುವ ಜಾಗವನ್ನು ಬೇರೆಯಾಗಿ ಕಟ್ಟಬೇಕೆಂದು ತೀರ್ಮಾನಿಸಿದೆವು.

ಮೊದಲು ಉತ್ತರದ ಪುಟ

ಸಾಮಾನ್ಯವಾಗಿ ಇಂಥ ಕೆಲಸ ಅಭಿಪ್ರಾಯ ಬರೆಯುವ ಪೆಟ್ಟಿಗೆಯಿಂದ ಶುರುವಾಗುತ್ತದೆ. ನಾವು ಉತ್ತರದ ಪುಟದಿಂದ ಶುರುಮಾಡಿದೆವು. ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದಾಗ ಸೇರಿದ 243-ಎಸ್ ವಿಧಿಯ ಪ್ರಕಾರ ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯಿರುವ ನಗರದಲ್ಲಿ ವಾರ್ಡ್ ಸಮಿತಿಗಳು ಇರಲೇಬೇಕು. 60 ವಾರ್ಡುಗಳ ಮಂಗಳೂರು ಆ ಮಿತಿಯನ್ನು ಬಹಳ ಹಿಂದೆಯೇ ದಾಟಿದೆ. ಅಂದರೆ ವಾರ್ಡಿನ ಮಾತನ್ನು ಕೇಳಿಸಿಕೊಳ್ಳಬೇಕಾದ ಜಾಗವೊಂದು ಕಾನೂನಿನಲ್ಲಿಯೇ ಇದೆ, ಅದಕ್ಕೆ ಸಮಾನಾಂತರವಾಗಿ ಇನ್ನೊಂದು ಸಭೆಯನ್ನು ಹುಟ್ಟುಹಾಕುವ ಅಗತ್ಯ ನಮಗಿರಲಿಲ್ಲ. ಸಮಿತಿಯ ಕೆಲಸವನ್ನು ಹತ್ತಿರದಿಂದ ಬಲ್ಲವರೊಬ್ಬರ ಜೊತೆ ಕುಳಿತು, ಕಟ್ಟೆಯಲ್ಲಿ ಮುಗಿದ ಪ್ರತಿ ಚರ್ಚೆಯ ಸಾರವನ್ನು ಒಂದೇ ಹಾಳೆಯಲ್ಲಿ ಸಭೆಗೆ ಒಯ್ಯುವುದು, ಅಲ್ಲಿ ಬಂದ ಉತ್ತರವನ್ನು ಅದೇ ಮಾತುಗಳಲ್ಲಿ ತಂದು ಪ್ರಕಟಿಸುವುದು ಎಂದು ನಿಶ್ಚಯಿಸಿದೆವು.

ಹೀಗಾಗಿ ಪ್ರತಿ ಪ್ರಶ್ನೆಯ ಪುಟದ ನೆತ್ತಿಯ ಮೇಲೆ ಮೂರು ಸಂಗತಿಗಳು ಕಾಣುತ್ತವೆ: ತೀರ್ಮಾನವಾಗಬೇಕಾದ ವಿಷಯ, ಚರ್ಚೆ ಮುಗಿಯುವ ದಿನಾಂಕ, ಉತ್ತರಿಸಬೇಕಾದವರ ಹುದ್ದೆ. ಈ ಮೂರರಲ್ಲಿ ಒಂದು ಖಾಲಿಯಿದ್ದರೂ ಪ್ರಶ್ನೆಯನ್ನು ಪ್ರಕಟಿಸಲು ತಂತ್ರಾಂಶವೇ ಬಿಡುವುದಿಲ್ಲ. ಉತ್ತರ ಬಂದರೆ ಬಂದ ದಿನಾಂಕದೊಡನೆ ಅದೇ ಪುಟದಲ್ಲಿ ಅಂಟುತ್ತದೆ. ಬಾರದಿದ್ದರೆ ‘ಉತ್ತರ ಬಾಕಿ’ ಎಂಬ ಸಾಲಿನ ಪಕ್ಕದಲ್ಲಿ ದಿನಗಳ ಎಣಿಕೆ ಮುಂದುವರಿಯುತ್ತದೆ.

ಉತ್ತರಿಸಲು ಯಾರೂ ಮುಂದೆ ಬಾರದ ಪ್ರಶ್ನೆಗಳಿಗೆ ಮಾಹಿತಿ ಹಕ್ಕಿನ ದಾರಿಯನ್ನು ಜೋಡಿಸಿದ್ದೇವೆ. 2005ರ ಕಾಯ್ದೆ ಮಾಹಿತಿ ಅಧಿಕಾರಿಗೆ 30 ದಿನಗಳ ಗಡುವು ಕೊಡುತ್ತದೆ. ಕರ್ನಾಟಕದ ನಿಯಮಗಳ ಪ್ರಕಾರ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು 150 ಪದಗಳನ್ನು ಮೀರಬಾರದು. ಈ ಕಟ್ಟುಪಾಡು ನಮಗೆ ಅನುಕೂಲವೇ ಆಯಿತು. ಅರ್ಜಿಯ ಕರಡನ್ನು ಎಲ್ಲರ ಎದುರು ಬರೆಯಲು ಒಂದು ಪುಟ್ಟ ಪೆಟ್ಟಿಗೆಯನ್ನು ಮಾಡಿ, ಅದರ ಕೆಳಗೆ ಪದಗಳ ಎಣಿಕೆಯನ್ನು ಇಟ್ಟೆವು. ‘ಪಾಲಿಕೆ ಏನೂ ಮಾಡುತ್ತಿಲ್ಲ’ ಎಂದು ಬರೆದು ಹೋಗುತ್ತಿದ್ದವರು, ಯಾವ ಕಾಮಗಾರಿಯ ಯಾವ ಕಡತ ಬೇಕು ಎಂದು 150 ಪದಗಳಲ್ಲಿ ಹೇಳಲು ಜೊತೆಗೂಡಿ ಕುಳಿತಾಗ ಚರ್ಚೆಯ ಮಟ್ಟವೇ ಬೇರೆಯಾಗುತ್ತದೆ.

ಪ್ರಶ್ನೆಯ ಅಳತೆ

‘ನಗರದ ಅಭಿವೃದ್ಧಿಯ ಬಗ್ಗೆ ನಿಮ್ಮ ಅನಿಸಿಕೆ’ ಎಂಬಂಥ ಪ್ರಶ್ನೆಗೆ ಮೂರು ಬಗೆಯ ಉತ್ತರಗಳಷ್ಟೇ ಬರುತ್ತವೆ: ಹೊಗಳಿಕೆ, ತೆಗಳಿಕೆ ಮತ್ತು ಮೌನ. ಇಲ್ಲಿ ನಾನು ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆಯನ್ನು ನೆನೆಯಬೇಕು. ದಕ್ಷಿಣ ಕನ್ನಡ, ಉಡುಪಿಗಳ ಜನ ರಾತ್ರಿಯಿಡೀ ಕುಳಿತು ವಾದವನ್ನು ಸವಿಯಬಲ್ಲವರು. ವೇಷವಿಲ್ಲ, ಕುಣಿತವಿಲ್ಲ, ಬರೆದುಕೊಟ್ಟ ಸಂಭಾಷಣೆಯೂ ಇಲ್ಲ. ಆದರೂ ಅರ್ಥಧಾರಿಗಳ ಮಾತು ಚದುರದಿರುವುದಕ್ಕೆ ಕಾರಣ, ಭಾಗವತರು ಹಾಡಿದ ಪದ್ಯ ಅದಕ್ಕೆ ಎಲ್ಲೆ ಹಾಕಿರುತ್ತದೆ. ಎಷ್ಟೇ ದೂರ ಹೋದರೂ ಪ್ರಸಂಗಕ್ಕೆ ಮರಳಬೇಕು, ಎದುರಿನವರಿಗೆ ಮಾತಿನ ಎಡೆ ಬಿಡಬೇಕು. ಪ್ರಶ್ನೆಯ ವಾಕ್ಯಕ್ಕೆ ನಾವು ಕೊಟ್ಟ ಕೆಲಸವೂ ಅದೇ. ‘ಕೊಟ್ಟಾರ ಚೌಕಿಯ ಸುತ್ತ ಜೋರು ಮಳೆಗೆ ನೀರು ನಿಲ್ಲುವುದನ್ನು ತಡೆಯಲು ಈ ಬೇಸಗೆಯಲ್ಲಿ ಮೊದಲು ಮಾಡಬೇಕಾದ ಕೆಲಸ ಯಾವುದು?’ ಎಂದು ಕೇಳಿದಾಗ ಜಾಗ, ಕಾಲ, ಆದ್ಯತೆ ಮೂರೂ ಅದರೊಳಗೇ ಬಂದವು.

ಇದು ರಾಜಕೀಯವೇ ಎಂದು ಕೆಲವರು ಕೇಳಿದರು. ಖಂಡಿತವಾಗಿಯೂ ರಾಜಕೀಯ. ರಾಜಕಾಲುವೆಯ ಹೂಳೆತ್ತಲು ಹಣ ಇಡಬೇಕೋ, ರಸ್ತೆಗೆ ಕಾಂಕ್ರೀಟ್ ಹಾಕಲು ಇಡಬೇಕೋ ಎಂಬುದು, ಯಾರ ತೊಂದರೆ ಮೊದಲು ತೀರಬೇಕು ಎಂಬುದರ ತೀರ್ಮಾನ. ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನೇತ್ರಾವತಿಯ ನೀರು ಇಳಿದ ವರ್ಷ ಯಾವ ಎತ್ತರದ ಮನೆಗೆ ಎಷ್ಟು ಹೊತ್ತು ನಳ್ಳಿಯಲ್ಲಿ ನೀರು ಬರಬೇಕು ಎಂಬುದೂ ಅಂಥದೇ. 2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ಕಸದ ರಾಶಿ ಜಾರಿ ಮಂದಾರ ಪ್ರದೇಶದ ಮನೆ, ತೋಟಗಳ ಮೇಲೆ ಬಂದದ್ದನ್ನು ನೆನೆದರೆ, ನಗರದ ಕಸವನ್ನು ಎಲ್ಲಿ ಸುರಿಯಬೇಕೆಂಬ ತೀರ್ಮಾನವನ್ನು ಯಾರನ್ನು ಕೇಳಿ ಮಾಡಬೇಕು ಎಂಬ ಪ್ರಶ್ನೆಯ ತೂಕ ತಿಳಿಯುತ್ತದೆ. ಪಕ್ಷಗಳ ಹೆಸರನ್ನು ನಾವು ನಿಷೇಧಿಸಿಲ್ಲ. ಒಂದು ಪಕ್ಷ ಅಥವಾ ಜನಪ್ರತಿನಿಧಿ ಕೈಗೊಂಡ ತೀರ್ಮಾನವನ್ನು ಎಷ್ಟು ಕಟುವಾಗಿ ಬೇಕಾದರೂ ಟೀಕಿಸಬಹುದು, ಆದರೆ ಆ ತೀರ್ಮಾನ ಯಾವುದೆಂದು ಹೇಳಬೇಕು.

ತಂತ್ರಾಂಶದ ಆಯ್ಕೆ

ಮುಕ್ತ ತಂತ್ರಾಂಶಗಳಲ್ಲಿ ಆಯ್ಕೆಗೆ ಕೊರತೆಯಿಲ್ಲ. ಮ್ಯಾಡ್ರಿಡ್ ನಗರದವರು 2015ರಲ್ಲಿ ತೆರೆದ ತಾಣದಿಂದ ಕನ್ಸುಲ್ ಬಂತು, ಬಾರ್ಸಿಲೋನಾದಿಂದ ಡೆಸಿಡಿಮ್ ಬಂತು. ಇವೆರಡೂ ಇಡೀ ನಗರದ ಬಜೆಟ್ ಪಾಲುಗಾರಿಕೆಯನ್ನೇ ಹೊರಬಲ್ಲವು, ಒಂದು ವಾರ್ಡಿಗೆ ಅವು ಅತಿಯಾದವು. ಬರಹದ ಚರ್ಚೆಗೆಂದೇ ಇರುವ ಡಿಸ್ಕೋರ್ಸ್ ಬಹಳ ಗಟ್ಟಿಯಾದದ್ದು. 2 ಜಿಬಿ ಮೆಮೊರಿಯ ಸಣ್ಣ ಸರ್ವರಿನಲ್ಲಿ ಚೆನ್ನಾಗಿ ನಡೆಯುತ್ತದೆ, ಹೊಸಬರ ಅಧಿಕಾರವನ್ನು ನಿಧಾನವಾಗಿ ಹೆಚ್ಚಿಸುವ ಅದರ ನಂಬಿಕೆಯ ಹಂತಗಳು ನನಗೆ ತುಂಬ ಮೆಚ್ಚುಗೆಯಾದವು. ಆದರೆ ಅದು ಬರೆಯಬಲ್ಲವರ ಜಾಗ. ಬಂದವರು ಮೊದಲು ಓದಬೇಕು, ನಂತರ ಖಾತೆ ತೆರೆಯಬೇಕು, ಆಮೇಲೆ ಬರೆಯಬೇಕು. ಇಂಥ ಜಾಗಗಳಲ್ಲಿ ನೂರರಲ್ಲಿ ಸುಮಾರು ತೊಂಬತ್ತು ಮಂದಿ ಓದಿ ಹೋಗುತ್ತಾರೆ, ಒಂಬತ್ತು ಮಂದಿ ಆಗಾಗ ಬರೆಯುತ್ತಾರೆ, ಬಹುಪಾಲು ಮಾತು ಉಳಿದ ಒಬ್ಬರದಾಗಿರುತ್ತದೆ ಎಂದು ವೆಬ್ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2006ರಲ್ಲಿ ಒಂದು ಸ್ಥೂಲ ಸೂತ್ರವನ್ನು ಹೇಳಿದ್ದರು. ವಾರ್ಡಿನ ತೀರ್ಮಾನಕ್ಕೆ ಆ ಒಬ್ಬರ ಮಾತು ಸಾಲದು.

ನಮ್ಮ ದಾರಿ ತೆರೆದದ್ದು ಪೋಲಿಸ್ (Polis) ಎಂಬ ತಂತ್ರಾಂಶದಿಂದ. ಸಿಯಾಟಲ್‌ನಲ್ಲಿ ಹುಟ್ಟಿದ ಇದು ತೈವಾನಿನಲ್ಲಿ ಹೆಸರು ಮಾಡಿತು. ಸೂರ್ಯಕಾಂತಿ ಚಳವಳಿ ಎಂಬ 2014ರ ವಿದ್ಯಾರ್ಥಿ ಪ್ರತಿಭಟನೆಯ ನಂತರ ಅಲ್ಲಿ ರೂಪುಗೊಂಡ ವಿತೈವಾನ್ ಎಂಬ ಪ್ರಯತ್ನ 2015ರಲ್ಲಿ ಊಬರ್ ಟ್ಯಾಕ್ಸಿಗಳ ನಿಯಂತ್ರಣದ ಚರ್ಚೆಗೆ ಇದನ್ನು ಬಳಸಿಕೊಂಡಿತು. ಇದರಲ್ಲಿ ಇನ್ನೊಬ್ಬರ ಮಾತಿಗೆ ಪ್ರತ್ಯುತ್ತರ ಬರೆಯುವ ಸೌಲಭ್ಯವೇ ಇಲ್ಲ. ಒಂದು ಚಿಕ್ಕ ಹೇಳಿಕೆ ಪರದೆಯ ಮೇಲೆ ಬರುತ್ತದೆ. ಒಪ್ಪಬಹುದು, ಒಪ್ಪದಿರಬಹುದು, ಬಿಟ್ಟು ಮುಂದೆ ಹೋಗಬಹುದು. ಬೇಕಿದ್ದರೆ ನಮ್ಮದೇ ಹೇಳಿಕೆಯನ್ನು ಸೇರಿಸಬಹುದು. ಬರೆಯಲು ಹಿಂಜರಿಯುವವರು, ಮೀನು ಮಾರುವ ಬಿಡುವಿನಲ್ಲಿ ಮೊಬೈಲು ನೋಡುವವರು, ಜಗಳಕ್ಕೆ ಹೆದರಿ ಗುಂಪುಗಳಲ್ಲಿ ಮೌನವಾಗಿರುವವರು ಎಲ್ಲರಿಗೂ ಇದು ಸಾಧ್ಯ. ಪೂರ್ತಿ ಪೋಲಿಸನ್ನು ನಮ್ಮ ಸಣ್ಣ ಸರ್ವರಿನಲ್ಲಿ ಕೂರಿಸುವ ಬದಲು, ಅದರ ವಿಧಾನವನ್ನು ಪೈಥಾನಿನ ಜಾಂಗೋ ಚೌಕಟ್ಟಿನಲ್ಲಿ ನಾವೇ ಬರೆದುಕೊಂಡೆವು. ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದೆ.

ಹೇಳಿಕೆಗಳ ಲೆಕ್ಕ

ಈ ಭಾಗವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಯಾವ ಹೇಳಿಕೆಯನ್ನು ಮೇಲೆ ತೋರಿಸುತ್ತೇವೆ ಎಂಬುದರ ಮೇಲೆ ಜನರ ವಿಶ್ವಾಸ ನಿಲ್ಲುತ್ತದೆ. ಅತಿ ಹೆಚ್ಚು ಒಪ್ಪಿಗೆ ಪಡೆದದ್ದನ್ನು ಮೇಲೆ ಇಟ್ಟರೆ ಸಂಖ್ಯೆಯಲ್ಲಿ ದೊಡ್ಡದಾದ ಗುಂಪಿನ ಮಾತೇ ಯಾವಾಗಲೂ ಮೇಲಿರುತ್ತದೆ, ಸಣ್ಣ ಗುಂಪಿನವರು ಎರಡನೆಯ ಸಲ ಬರುವುದಿಲ್ಲ.

ಎಲ್ಲ ಮತಗಳನ್ನು ಒಂದು ಕೋಷ್ಟಕದಲ್ಲಿ ಇಡುತ್ತೇವೆ: ಅಡ್ಡಸಾಲಿಗೊಬ್ಬ ವ್ಯಕ್ತಿ, ಕಂಬಸಾಲಿಗೊಂದು ಹೇಳಿಕೆ. ಒಪ್ಪಿಗೆಗೆ 1, ಅಸಮ್ಮತಿಗೆ –1, ಬಿಟ್ಟು ಹೋದದ್ದಕ್ಕೆ 0. ಒಬ್ಬರು ಇನ್ನೂ ನೋಡಿಯೇ ಇಲ್ಲದ ಹೇಳಿಕೆಯನ್ನು 0 ಎಂದು ಎಣಿಸಬಾರದು, ಅಲ್ಲಿ ಆ ಹೇಳಿಕೆಯ ಸರಾಸರಿಯನ್ನು ತುಂಬುತ್ತೇವೆ. ನಂತರ ಪ್ರಿನ್ಸಿಪಲ್ ಕಾಂಪೊನೆಂಟ್ ಅನಾಲಿಸಿಸ್ ಎಂಬ ಗಣಿತದಿಂದ ಈ ಕೋಷ್ಟಕವನ್ನು ಎರಡು ಆಯಾಮಗಳಿಗೆ ಇಳಿಸಿ, ಕೆ-ಮೀನ್ಸ್ ವಿಧಾನದಿಂದ ಸಮಾನ ಮತದವರನ್ನು ಗುಂಪು ಮಾಡುತ್ತೇವೆ. ಯಾರು ಅಂಗಡಿಯವರು, ಯಾರು ಬಾಡಿಗೆದಾರರು, ಯಾರದು ಯಾವ ಪಕ್ಷ ಎಂದು ನಾವು ಕೇಳುವುದಿಲ್ಲ. ಮತಗಳ ಹೋಲಿಕೆಯೊಂದೇ ಗುಂಪಿಗೆ ಆಧಾರ.

ಲೆಕ್ಕ ತಿಳಿಯಲು ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಮೊದಲ ಗುಂಪಿನಲ್ಲಿ 20 ಮಂದಿ, ಎರಡನೆಯದರಲ್ಲಿ 10 ಮಂದಿ. ‘ಅಂಗಡಿಗಳ ಮುಂದೆ ಚರಂಡಿಯ ಮೇಲೆ ಕಟ್ಟಿದ ಇಳಿಜಾರುಗಳನ್ನೆಲ್ಲ ಒಡೆಯಬೇಕು’ ಎಂಬ ಹೇಳಿಕೆಯನ್ನು ಮೊದಲ ಗುಂಪಿನ 18 ಮಂದಿ, ಎರಡನೆಯ ಗುಂಪಿನ 3 ಮಂದಿ ಒಪ್ಪಿದರು. ‘ಚರಂಡಿಯ ಮೇಲಿನ ಚಪ್ಪಡಿಗಳು ಎತ್ತಿ ಹೂಳು ತೆಗೆಯಲು ಬರುವಂತಿರಬೇಕು’ ಎಂಬುದನ್ನು ಮೊದಲ ಗುಂಪಿನ 14 ಮಂದಿ, ಎರಡನೆಯ ಗುಂಪಿನ 7 ಮಂದಿ ಒಪ್ಪಿದರು. ಒಟ್ಟು ಒಪ್ಪಿಗೆ ಎರಡಕ್ಕೂ 30ರಲ್ಲಿ 21. ಪೋಲಿಸಿನ ಸೂತ್ರದಲ್ಲಿ ಪ್ರತಿ ಗುಂಪಿನ ಒಪ್ಪಿಗೆಯ ಸಂಖ್ಯೆಗೆ 1ನ್ನೂ ಮತಗಳ ಸಂಖ್ಯೆಗೆ 2ನ್ನೂ ಕೂಡಿಸಿ ಭಾಗಿಸಿ, ಗುಂಪುಗಳ ಫಲಗಳನ್ನು ಪರಸ್ಪರ ಗುಣಿಸಬೇಕು. ಮೊದಲ ಹೇಳಿಕೆಗೆ 22ರಲ್ಲಿ 19, 12ರಲ್ಲಿ 4. ಗುಣಿಸಿದರೆ ಸುಮಾರು 0.29. ಎರಡನೆಯದಕ್ಕೆ 22ರಲ್ಲಿ 15, 12ರಲ್ಲಿ 8. ಗುಣಿಸಿದರೆ ಸುಮಾರು 0.45. ಹೀಗೆ ಎರಡೂ ಕಡೆಯವರು ಒಪ್ಪಬಹುದಾದ ಮಾತು ಮೇಲೆ ಬರುತ್ತದೆ. 1 ಮತ್ತು 2ನ್ನು ಕೂಡಿಸುವುದರಿಂದ, ಬರೀ ಎರಡು ಮೂರು ಮತಗಳು ಬಿದ್ದ ಹೇಳಿಕೆ ಅಕಸ್ಮಾತ್ತಾಗಿ ತುದಿಗೇರುವುದು ತಪ್ಪುತ್ತದೆ.

ಒಂದು ಕಡೆಯವರಿಗಷ್ಟೇ ಪ್ರಿಯವಾದ ಹೇಳಿಕೆಗಳನ್ನು ನಾವು ಬಚ್ಚಿಡುವುದಿಲ್ಲ, ‘ಒಮ್ಮತವಿಲ್ಲದ ಮಾತುಗಳು’ ಎಂಬ ಶೀರ್ಷಿಕೆಯಡಿ ಅವೂ ಸಭೆಯ ಹಾಳೆಗೆ ಹೋಗುತ್ತವೆ. ಭಿನ್ನಮತವನ್ನು ಒರೆಸಿಹಾಕಿ ಒಗ್ಗಟ್ಟನ್ನು ತೋರಿಸುವ ಯಾವ ಲೆಕ್ಕವೂ ಪ್ರಾಮಾಣಿಕವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಭಾಗವಹಿಸಿದವರು ತೀರ ಕಡಿಮೆಯಿದ್ದಾಗ ಮಾತ್ರ ಗುಂಪುಗಳ ಚಿತ್ರವನ್ನು ತೋರಿಸುವುದಿಲ್ಲ, ಪರಸ್ಪರ ಪರಿಚಯವಿರುವ ವಾರ್ಡಿನಲ್ಲಿ ಯಾವ ಚುಕ್ಕೆ ಯಾರದೆಂದು ಊಹಿಸುವುದು ಕಷ್ಟವಲ್ಲ.

ಕನ್ನಡ, ತುಳು ಮತ್ತು ಇಂಗ್ಲಿಷ್ ಅಕ್ಷರಗಳು

ಪೋಲಿಸಿನಲ್ಲಿ ಒಂದು ಹೇಳಿಕೆಗೆ 140 ಸಂಕೇತಗಳ ಮಿತಿಯಿದೆ. ಕನ್ನಡಕ್ಕೆ ಅದು ಸಾಲದು, ಏಕೆಂದರೆ ಯಂತ್ರ ಎಣಿಸುವುದು ಯೂನಿಕೋಡ್ ಸಂಕೇತಗಳನ್ನು. ‘ಸ್ತ್ರೀ’ ಎಂಬ ಒಂದೇ ಅಕ್ಷರ ಅದರ ಲೆಕ್ಕದಲ್ಲಿ ಆರು. ಆದ್ದರಿಂದ ಮಿತಿಯನ್ನು 300ಕ್ಕೆ ಏರಿಸಿದೆವು. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ಅಂತರವನ್ನು ಅಕ್ಷರದ ಗಾತ್ರದ 1.7ರಷ್ಟು ಇಟ್ಟೆವು. ಇಂದಿನ ಮೊಬೈಲುಗಳಲ್ಲಿ ಕನ್ನಡ ಅಕ್ಷರಗಳು ಇದ್ದೇ ಇರುವುದರಿಂದ ಬೇರೆ ಫಾಂಟ್ ಇಳಿಸುವ ಹೊರೆಯನ್ನು ಪುಟಕ್ಕೆ ಹೇರಲಿಲ್ಲ. ಮಳೆಗಾಲದಲ್ಲಿ ನೆಟ್‌ವರ್ಕ್ ಕುಂಟುವಾಗಲೂ ಪುಟ ಬೇಗ ತೆರೆಯುತ್ತದೆ.

ಹುಡುಕಾಟದ ಭಾಗ ಹೆಚ್ಚು ಕೆಲಸ ಬೇಡಿತು. ಪೋಸ್ಟ್‌ಗ್ರೆಸ್‌ನ ಸಿದ್ಧ ಹುಡುಕಾಟ ಇಂಗ್ಲಿಷ್ ಪದಗಳ ಪ್ರತ್ಯಯಗಳನ್ನು ಕಳಚಿ ನೋಡುತ್ತದೆ, ಕನ್ನಡಕ್ಕೆ ಆ ವ್ಯವಸ್ಥೆ ಅದರಲ್ಲಿಲ್ಲ. ‘ನೀರು’ ಎಂದು ಹುಡುಕಿದವರಿಗೆ ‘ನೀರಿನ’, ‘ನೀರನ್ನು’, ‘ಮಳೆನೀರಿಗೆ’ ಯಾವುದೂ ಸಿಗುವುದಿಲ್ಲ. ನಾವು ಮಾಡಿದ್ದು ಸರಳ: ಹುಡುಕುವ ಪದದ ಕೊನೆಯ ಸ್ವರಚಿಹ್ನೆಯನ್ನು ತೆಗೆದು, ಉಳಿದ ಭಾಗ ಯಾವ ಪದದೊಳಗಿದ್ದರೂ ತೋರಿಸುವುದು. ‘ಕಸ’ದಂಥ, ಸ್ವರಚಿಹ್ನೆಯಿಲ್ಲದ ಎರಡಕ್ಷರದ ಪದಗಳಿಗೆ ಮಾತ್ರ ಪದದ ಆರಂಭದಲ್ಲೇ ಇರಬೇಕೆಂಬ ನಿಯಮ ಸೇರಿಸಿದೆವು, ಇಲ್ಲವಾದರೆ ‘ವಿಕಸನ’ವೂ ಬಂದು ಕೂರುತ್ತದೆ. ‘ಮ್ಯಾನ್‌ಹೋಲ್’ ಪದವನ್ನು ಕೆಲವರ ಕೀಲಿಮಣೆ ಕಣ್ಣಿಗೆ ಕಾಣದ ಬಿಡಿಸುವ ಸಂಕೇತದೊಡನೆ ಬರೆಯುತ್ತದೆ, ಕೆಲವರದು ಅದಿಲ್ಲದೆ ಒತ್ತಕ್ಷರವಾಗಿ ಬರೆಯುತ್ತದೆ. ‘ೊ’ ಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ತುಂಡುಗಳಾಗಿಯೂ ಬರೆಯಬಹುದು. ಹೀಗಾಗಿ ಪ್ರತಿ ಹೇಳಿಕೆಯ ಒಂದು ಪ್ರತಿಯನ್ನು ಯೂನಿಕೋಡಿನ ಏಕರೂಪಕ್ಕೆ ತಂದು, ಕಾಣದ ಸಂಕೇತಗಳನ್ನು ತೆಗೆದು, ಹುಡುಕಾಟಕ್ಕೆಂದೇ ಬೇರೆ ಕಾಲಂನಲ್ಲಿ ಇಟ್ಟಿದ್ದೇವೆ. ಓದುವವರಿಗೆ ಕಾಣುವುದು ಬರೆದವರ ಮೂಲರೂಪವೇ.

ತುಳು, ಕೊಂಕಣಿ, ಬ್ಯಾರಿ ಮಾತಾಡುವವರು ಅದೇ ಭಾಷೆಯಲ್ಲಿ ಬರೆಯಬಹುದು. ಬಹಳ ಮಂದಿ ಕನ್ನಡವನ್ನೂ ತುಳುವನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತುತ್ತಾರೆ, ಅದನ್ನೂ ತಡೆದಿಲ್ಲ. ಸ್ವಯಂಸೇವಕರು ಅದರ ಕೆಳಗೆ ಕನ್ನಡದ ಸಾರವನ್ನು ಬರೆದ ಮೇಲೆ ಹೇಳಿಕೆ ಮತಕ್ಕೆ ಬರುತ್ತದೆ. ಗೂಗಲ್ ಅನುವಾದದಲ್ಲಿ 2024ರಿಂದ ತುಳು ಸಿಗುತ್ತಿದೆಯಾದರೂ, ಜನ ಮತ ಹಾಕಬೇಕಾದ ವಾಕ್ಯವನ್ನು ಯಂತ್ರದ ಅನುವಾದಕ್ಕೆ ಒಪ್ಪಿಸಲು ನಮಗೆ ಮನಸ್ಸಾಗಲಿಲ್ಲ. ಸಾರ ತಪ್ಪಾಗಿದೆಯೆಂದು ಬರೆದವರು ಹೇಳಿದರೆ ಅವರ ಮಾತೇ ಅಂತಿಮ.

ಯಾರು ಒಳಗೆ ಬರಬಹುದು

ಮೊದಲ ಮತಕ್ಕೆ ಖಾತೆ ಬೇಡ. ವಾಟ್ಸ್‌ಆ್ಯಪಿನಲ್ಲಿ ಬಂದ ಲಿಂಕನ್ನು ಒತ್ತಿದರೆ ನೇರವಾಗಿ ಪ್ರಶ್ನೆ, ಅದರ ಕೆಳಗೆ ಮೊದಲ ಹೇಳಿಕೆ ಮತ್ತು ಮೂರು ಗುಂಡಿಗಳು. ಲಿಂಕಿನ ಜೊತೆ ಕಾಣುವ ಚಿತ್ರದಲ್ಲಿಯೇ ಪ್ರಶ್ನೆಯನ್ನೂ ಕೊನೆಯ ದಿನಾಂಕವನ್ನೂ ದಪ್ಪ ಅಕ್ಷರಗಳಲ್ಲಿ ಮೂಡಿಸುತ್ತೇವೆ. ಆರಂಭದಲ್ಲಿ ಲಿಂಕು ಮುಖಪುಟಕ್ಕೆ ಹೋಗುತ್ತಿತ್ತು, ಅದನ್ನು ನೇರ ಪ್ರಶ್ನೆಗೆ ತಿರುಗಿಸಿದ ಮೇಲೆ ಮತ ಹಾಕುವವರು ಎದ್ದು ಕಾಣುವಷ್ಟು ಹೆಚ್ಚಾದರು. ನನ್ನ ದೃಷ್ಟಿಯಲ್ಲಿ ನಾವು ಮಾಡಿದ ಬದಲಾವಣೆಗಳಲ್ಲೆಲ್ಲ ಕಡಿಮೆ ಶ್ರಮದಿಂದ ಹೆಚ್ಚು ಫಲ ಕೊಟ್ಟದ್ದು ಇದೇ.

ಸಭೆಗೆ ಹೋಗುವ ಲೆಕ್ಕದಲ್ಲಿ ಸೇರಬೇಕಾದರೆ ಮಾತ್ರ ವಾರ್ಡಿನವರೆಂದು ತಿಳಿಯಬೇಕು. ಎಸ್‌ಎಂಎಸ್ ಮೂಲಕ ಒಟಿಪಿ ಕಳಿಸುವುದು ಎಲ್ಲರಿಗೂ ತೋಚುವ ದಾರಿ. ಆದರೆ ಭಾರತದಲ್ಲಿ ಅದಕ್ಕಾಗಿ, ಇಂಥ ಸಂದೇಶ ಕಳಿಸುವವರನ್ನು ದಾಖಲಿಸುವ ಡಿಎಲ್‌ಟಿ ವ್ಯವಸ್ಥೆಯಲ್ಲಿ ಸಂಸ್ಥೆಯಾಗಿ ನೋಂದಾಯಿಸಿಕೊಂಡು, ಕಳಿಸುವ ಹೆಸರು ಮತ್ತು ಸಂದೇಶದ ಮಾದರಿಗೆ ಒಪ್ಪಿಗೆ ಪಡೆಯಬೇಕು. ನೋಂದಣಿಯಿಲ್ಲದ ನಿವಾಸಿಗಳ ಕೂಟಕ್ಕೆ ಅದು ಹೊಂದುವುದಿಲ್ಲ. ಅದಕ್ಕಿಂತ ದೊಡ್ಡ ಆಕ್ಷೇಪ ಬೇರೆಯಿತ್ತು. ಫೋನ್ ಸಂಖ್ಯೆ ನಮ್ಮ ಬಳಿ ಇದ್ದರೆ, ರಾಜಕೀಯ ಅಭಿಪ್ರಾಯವನ್ನು ವ್ಯಕ್ತಿಗೆ ಜೋಡಿಸುವ ಪಟ್ಟಿಯೊಂದು ನಮ್ಮ ಬಳಿ ಇದ್ದಂತೆ. ದಕ್ಷಿಣ ಕೊರಿಯಾ 2007ರಿಂದ ದೊಡ್ಡ ತಾಣಗಳಲ್ಲಿ ನಿಜ ಗುರುತನ್ನು ಕಡ್ಡಾಯ ಮಾಡಿತ್ತು. 2011ರಲ್ಲಿ ಅಲ್ಲಿನ ಒಂದೇ ಸೋರಿಕೆಯಲ್ಲಿ ಸುಮಾರು 3.5 ಕೋಟಿ ಖಾತೆಗಳ ವಿವರ ಕಳುವಾಯಿತು, ಮರುವರ್ಷ ಅಲ್ಲಿನ ಸಂವಿಧಾನ ನ್ಯಾಯಾಲಯ ಆ ನಿಯಮವನ್ನು ರದ್ದುಪಡಿಸಿತು.

ನಾವು ಕಾಗದದ ಚೀಟಿಯನ್ನು ಆರಿಸಿಕೊಂಡೆವು. ಪ್ರತಿ ಚೀಟಿಯಲ್ಲಿ ಹತ್ತು ಅಂಕಿಗಳ ಒಂದು ಕೋಡ್. ಒಂಬತ್ತು ಅಂಕಿಗಳು ಯಾದೃಚ್ಛಿಕ, ಕೊನೆಯದು ತಪ್ಪನ್ನು ಹಿಡಿಯುವ ವೆರ್ಹೂಫ್ ಅಂಕಿ. ಆಧಾರ್ ಸಂಖ್ಯೆಯ ಕೊನೆಯ ಅಂಕಿಯೂ ಇದೇ ಸೂತ್ರದ್ದು, ಒಂದು ಅಂಕಿ ತಪ್ಪಿದರೂ ಪಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೂ ಅದು ಕೂಡಲೇ ಹಿಡಿಯುತ್ತದೆ. ಸ್ವಯಂಸೇವಕರು ಮನೆಮನೆಗೆ ಹೋಗಿ, ಮಡಚಿ ಕಲಸಿದ ಚೀಟಿಗಳಲ್ಲಿ ವಯಸ್ಕರು ತಲಾ ಒಂದನ್ನು ಎತ್ತಿಕೊಳ್ಳಲು ಹೇಳುತ್ತಾರೆ. ಯಾವ ಕೋಡ್ ಯಾರ ಕೈಗೆ ಹೋಯಿತೆಂದು ಯಾರಿಗೂ ತಿಳಿಯದು. ಒಂಬತ್ತು ಅಂಕಿಗಳೆಂದರೆ 100 ಕೋಟಿ ಸಾಧ್ಯತೆಗಳು. ಸಾವಿರ ಚೀಟಿ ಹಂಚಿದರೂ ಊಹಿಸಿ ಹೊಡೆದದ್ದು ತಗಲುವ ಸಂಭವ ಹತ್ತು ಲಕ್ಷಕ್ಕೆ ಒಂದು, ಮತ್ತು ಐದು ಸಲ ತಪ್ಪಿದರೆ ಒಂದು ತಾಸು ಕಾಯಬೇಕು. ಡೇಟಾಬೇಸಿನಲ್ಲಿ ಕೋಡಿನ ಹ್ಯಾಶ್ ಮಾತ್ರ ಇದೆ, ಅಂದರೆ ಕೋಡಿನಿಂದ ಲೆಕ್ಕಹಾಕಿದ, ನೇರವಾಗಿ ಹಿಂದಕ್ಕೆ ಬಿಡಿಸಲಾಗದ ಒಂದು ಗುರುತು. ಇಷ್ಟು ಚಿಕ್ಕ ಸಂಖ್ಯೆಯ ಬರಿಯ ಹ್ಯಾಶನ್ನು ಕಂಪ್ಯೂಟರು ಎಲ್ಲ ಸಾಧ್ಯತೆಗಳನ್ನೂ ಪರೀಕ್ಷಿಸಿ ಕಂಡುಹಿಡಿಯಬಲ್ಲದಾದ್ದರಿಂದ, ಡೇಟಾಬೇಸಿನ ಹೊರಗೆ ಇಟ್ಟ ಒಂದು ಗುಪ್ತ ಕೀಲಿಯನ್ನು ಬೆರೆಸಿಯೇ ಹ್ಯಾಶ್ ಮಾಡುತ್ತೇವೆ. ಚೀಟಿ ಹಂಚುವ ಈ ಓಡಾಟವೇ ಕಟ್ಟೆಯ ಪರಿಚಯವನ್ನೂ ಮಾಡಿಸಿತು. ಬಾಗಿಲಲ್ಲಿ ನಿಂತು ಎರಡು ನಿಮಿಷ ಮಾತಾಡಿದ ಮನೆಗಳಿಂದ ಜನ ಹೆಚ್ಚು ಬಂದರು, ಅಂಚೆಪೆಟ್ಟಿಗೆಗೆ ಕರಪತ್ರ ಹಾಕಿ ಹೋದಲ್ಲಿಂದ ಬರಲಿಲ್ಲ.

ಬರೆಯುವವರು ಅಂಕಿತನಾಮ ಇಟ್ಟುಕೊಳ್ಳಬಹುದು. ನಡತೆ ನಿಯಮಗಳಿಗೆ ಕಟ್ಟುಬಿದ್ದ ಸರ್ಕಾರಿ ನೌಕರರು, ಮನೆಯ ಮಾಲೀಕರ ಎದುರು ನಿಲ್ಲಲಾಗದ ಬಾಡಿಗೆದಾರರು, ಬರೆದದ್ದಕ್ಕೆ ಆಮೇಲೆ ಖಾಸಗಿ ಸಂದೇಶಗಳ ಕಾಟ ಅನುಭವಿಸುವ ಹೆಣ್ಣುಮಕ್ಕಳು ಇವರೆಲ್ಲ ಮಾತಾಡಬೇಕಾದರೆ ಬೇರೆ ದಾರಿ ಕಾಣಲಿಲ್ಲ. ಖಾಸಗಿ ಸಂದೇಶದ ಸೌಲಭ್ಯವನ್ನು ನಾವು ಕಟ್ಟಲೇ ಇಲ್ಲ.

ಮಾತಿನ ಮಿತಿ ಮತ್ತು ನಿಯಮ

ಮತದಾನ ಮುಗಿದ ಮೇಲೆ, ಮೇಲೆ ಬಂದ ಹೇಳಿಕೆಗಳ ಮೇಲೆ ಬರಹದ ಚರ್ಚೆ ತೆರೆಯುತ್ತದೆ. ಇಲ್ಲಿ ಬೇಕೆಂದೇ ಸ್ವಲ್ಪ ತಡೆ ಇಟ್ಟಿದ್ದೇವೆ. ಯಾರ ಮಾತಿಗೆ ಉತ್ತರಿಸುತ್ತೀರೋ ಅವರ ಮಾತಿನ ಸಾರವನ್ನು ಮೊದಲ ಪೆಟ್ಟಿಗೆಯಲ್ಲಿ ಒಂದು ವಾಕ್ಯದಲ್ಲಿ ಬರೆದ ಮೇಲೆಯೇ ಎರಡನೆಯ ಪೆಟ್ಟಿಗೆ ತೆರೆಯುತ್ತದೆ. ಒಬ್ಬರು ದಿನಕ್ಕೆ ಎರಡು ಬರಹಗಳನ್ನಷ್ಟೇ ಹಾಕಬಹುದು. ಈ ಎರಡರ ಮಿತಿಯನ್ನು 1994ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಶುರುವಾದ ಇ-ಡೆಮಾಕ್ರಸಿ ತನ್ನ ಸ್ಥಳೀಯ ಚರ್ಚೆಗಳಲ್ಲಿ ಬಳಸಿತ್ತು. ಅಲ್ಲಿ ನಿಜನಾಮ ಕಡ್ಡಾಯವಾಗಿತ್ತು. ನಾವು ಮಿತಿಯನ್ನು ತೆಗೆದುಕೊಂಡು ನಿಜನಾಮವನ್ನು ಬಿಟ್ಟೆವು. ಮಿತಿ ಬಂದ ಮೇಲೆ ಇಬ್ಬರ ನಡುವಿನ ಎಳೆದಾಟ ತಾನಾಗಿ ನಿಂತಿತು, ಮರುದಿನ ಬರೆಯುವ ಹೊತ್ತಿಗೆ ವಾಕ್ಯಗಳು ಉದ್ದವಾಗಿಯೂ ಶಾಂತವಾಗಿಯೂ ಬಂದವು.

ಕರಾವಳಿಯಲ್ಲಿ ಇಂಥ ಜಾಗ ನಡೆಸುವವರು ಕೋಮು ದ್ವೇಷದ ಮಾತನ್ನು ಮೊದಲ ದಿನದಿಂದಲೇ ಗಂಭೀರವಾಗಿ ತೆಗೆದುಕೊಳ್ಳಬೇಕು. ಚರ್ಚೆಯ ವಿಷಯವೇ ಅದಲ್ಲದಿದ್ದರೆ ಯಾರದೇ ಜಾತಿ, ಧರ್ಮವನ್ನು ಎತ್ತುವಂತಿಲ್ಲ ಎಂಬುದು ನಮ್ಮ ನಿಯಮ, ಇದರಲ್ಲಿ ವಿನಾಯಿತಿಯಿಲ್ಲ. ಸಮುದಾಯಗಳ ನಡುವೆ ವೈರ ಬಿತ್ತುವುದು ಭಾರತೀಯ ನ್ಯಾಯ ಸಂಹಿತೆಯ 196ನೆಯ ಸೆಕ್ಷನ್ ಪ್ರಕಾರ ಅಪರಾಧ. ಅದೇ ಹೊತ್ತಿಗೆ, ಕಿರಿಕಿರಿಯಾಗುವ ಮಾತನ್ನೆಲ್ಲ ಅಳಿಸುವ ಅಧಿಕಾರ ನಮಗಿದೆಯೆಂದು ತಿಳಿಯಬಾರದು. ಆನ್‌ಲೈನ್ ಮಾತಿಗೆ ಜೈಲು ತೋರಿಸುತ್ತಿದ್ದ ಐಟಿ ಕಾಯ್ದೆಯ 66-ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ರದ್ದುಪಡಿಸಿದಾಗ ಹೇಳಿದ್ದನ್ನು ನಾವು ಮನಸ್ಸಿನಲ್ಲಿಟ್ಟುಕೊಂಡಿದ್ದೇವೆ: ವಿಷಯದ ಚರ್ಚೆ ಬೇರೆ, ಅದರ ಪ್ರತಿಪಾದನೆ ಬೇರೆ, ಪ್ರಚೋದನೆ ಬೇರೆ. ತೆಗೆದ ಪ್ರತಿ ಬರಹದ ಜಾಗದಲ್ಲಿ ಯಾವ ನಿಯಮದಡಿ, ಯಾವ ದಿನ ತೆಗೆಯಲಾಯಿತೆಂಬ ಸಾಲು ಉಳಿಯುತ್ತದೆ. ಒಬ್ಬ ನಿರ್ವಾಹಕರು ತೆಗೆದದ್ದನ್ನು ಬೇರೆ ಒಲವಿನ ಇನ್ನೊಬ್ಬರು ಪರಿಶೀಲಿಸುತ್ತಾರೆ. ದೂರು ಬಂದರೆ 24 ಗಂಟೆಗಳಲ್ಲಿ ತಲುಪಿತೆಂದು ತಿಳಿಸಿ 15 ದಿನಗಳಲ್ಲಿ ತೀರ್ಮಾನಿಸಬೇಕೆಂದು 2021ರ ಐಟಿ ನಿಯಮಗಳು ಮೊದಲು ಹೇಳಿದ್ದನ್ನೇ ನಮ್ಮ ಗಡುವಾಗಿ ಇಟ್ಟುಕೊಂಡೆವು.

ಈಗ ಕೈಯಲ್ಲಿರುವ ಕೆಲಸ ಎರಡು. ಸಭೆಗೆ ಹೋಗುವ ಹಾಳೆಯನ್ನು ತಂತ್ರಾಂಶವೇ ಸಿದ್ಧಪಡಿಸಿ, ಮೊಬೈಲ್ ಬಳಸದ ಹಿರಿಯರಿಗಾಗಿ ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿ ಪಡಿತರ ಅಂಗಡಿಯ ಬಳಿ ಅಂಟಿಸುವಂತೆ ಮಾಡಬೇಕು; ಅಲ್ಲಿಯೇ ಕಾಗದದ ಮೇಲೆ ಬಿದ್ದ ಮತಗಳನ್ನು ಚೀಟಿಯ ಕೋಡಿನೊಡನೆ ಒಳಗೆ ಸೇರಿಸುವ ಪರದೆ ಅರ್ಧ ಮುಗಿದಿದೆ. ಎರಡನೆಯದು ಉಡುಪಿಯ ಗೆಳೆಯರ ಬೇಡಿಕೆ. ಉಡುಪಿ 35 ವಾರ್ಡುಗಳ ನಗರಸಭೆ, ಜನಸಂಖ್ಯೆ ಮೂರು ಲಕ್ಷಕ್ಕಿಂತ ಕಡಿಮೆಯಿರುವುದರಿಂದ 243-ಎಸ್ ವಿಧಿ ಅಲ್ಲಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡುವುದಿಲ್ಲ. ತಂತ್ರಾಂಶವನ್ನು ಒಂದು ಸಂಜೆಯಲ್ಲಿ ಅವರ ಸರ್ವರಿಗೆ ಹಾಕಿಕೊಡಬಹುದು, ಆದರೆ ‘ಉತ್ತರಿಸಬೇಕಾದವರು’ ಎಂಬ ಸಾಲಿನಲ್ಲಿ ಯಾರ ಹುದ್ದೆಯನ್ನು ಬರೆಯಬೇಕು ಎಂಬುದು ಇತ್ಯರ್ಥವಾಗದೆ ಅದನ್ನು ತೆರೆಯಬಾರದೆಂದು ಅವರಿಗೆ ಹೇಳಿದ್ದೇನೆ. ವಾರ್ಡಿನ ಸದಸ್ಯರು ನಗರಸಭೆಯ ಸಾಮಾನ್ಯ ಸಭೆಯಲ್ಲಿ ಕಟ್ಟೆಯ ಹಾಳೆಯನ್ನು ಪ್ರಶ್ನೆಯಾಗಿ ಮಂಡಿಸಲು ಲಿಖಿತವಾಗಿ ಒಪ್ಪುತ್ತಾರೆಯೇ ಎಂದು ಅವರು ವಿಚಾರಿಸುತ್ತಿದ್ದಾರೆ, ಒಪ್ಪಿಗೆ ಬಂದ ವಾರ್ಡಿನಿಂದಲೇ ಅಲ್ಲಿ ಮೊದಲ ಪ್ರಶ್ನೆಯನ್ನು ಹಾಕುತ್ತೇವೆ.